ನೆಲಮಾಳಿಗೆಯ ಹಳೇ ಪಿನ್‌ಬಾಲ್ ಯಂತ್ರ: ಮೋಟರ್ ನಿಲ್ಲುತ್ತಲೇ ಇಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಒಹಾಯೊದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಒಬ್ಬರು ಮನೆ ಖಾಲಿ ಮಾಡುವಾಗ 1970ರ ದಶಕದ ಪಿನ್‌ಬಾಲ್ ಯಂತ್ರವೊಂದನ್ನು (ಇಳಿಜಾರು ಮೇಜಿನ ಮೇಲೆ ಚೆಂಡು ಹೊಡೆದಾಡಿಸಿ ಅಂಕ ಗಳಿಸುವ ಆಟ) ಕೊಂಡುಕೊಂಡೆ. ಚಿಪ್ ಗಿಪ್ ಏನೂ ಇಲ್ಲ. ಒಳಗೆ ಬರೀ ರಿಲೇ (ಕರೆಂಟ್ ಬಂದಾಗ ಎಳೆದುಕೊಂಡು ಸ್ವಿಚ್‌ ತೆರೆದು ಮುಚ್ಚುವ ಸಾಧನ), ಕಾಯಿಲ್ (ಕರೆಂಟ್ ಬಂದಾಗ ಕಬ್ಬಿಣದ ಸರಳನ್ನು ಎಳೆಯುವ ತಂತಿ ಸುರುಳಿ), ವೈರು. ನಾಲ್ಕು ಜನ ಸರದಿಯಲ್ಲಿ ಆಡುವಂಥದ್ದು. ಮೊದಲ ವಾರ ಹೇಗೋ ನಡೆಯಿತು. ಆಗಲೇ ಬಲಗಡೆ ಫ್ಲಿಪ್ಪರ್‌ಗೆ (ಚೆಂಡು ಹೊಡೆಯುವ ಪುಟ್ಟ ಕೈಗೆ) ಶಕ್ತಿ ಇರಲಿಲ್ಲ, ಎಡಗಡೆ ಪಾಪ್ ಬಂಪರ್‌ಗೆ (ತಾಗಿದ ಚೆಂಡನ್ನು ಚಿಮ್ಮಿಸುವ ಗುಂಡನೆ ಕಂಬಕ್ಕೆ) ಚೆಂಡು ತಾಗಿದರೆ ಒಮ್ಮೊಮ್ಮೆ ಫ್ಯೂಸ್ ಹೋಗುತ್ತಿತ್ತು. ಈಗ ಸ್ಟಾರ್ಟ್ ಒತ್ತಿದರೆ ಸ್ಕೋರ್ ರೀಲುಗಳೆಲ್ಲ (ಅಂಕಿ ತೋರಿಸುವ ಚಕ್ರಗಳು) ಸೊನ್ನೆಗೆ ಬರುತ್ತವೆ, ಆದರೆ ಕೆಳಗಿನ ಮೋಟರ್ ಗರ್ರ್ ಅಂತ ತಿರುಗುತ್ತಲೇ ಇರುತ್ತದೆ. ಚೆಂಡು ಹೊರಗೆ ಬರುವುದೇ ಇಲ್ಲ.

ಊರಿಂದ ಮಾವನವರು ಬಂದಿದ್ದಾರೆ. ನಿವೃತ್ತ ಲೈನ್‌ಮನ್. ಫ್ಯೂಸ್ ಜಾಗಕ್ಕೆ ಎರಡೆಳೆ ತಾಮ್ರದ ತಂತಿ ಸುತ್ತಿದರೆ ಮುಗೀತು ಅನ್ನುತ್ತಾರೆ. ನನಗೆ ಧೈರ್ಯ ಇಲ್ಲ. ಸ್ವಿಚ್‌ಗಳಿಗೆಲ್ಲ ಸ್ಪ್ರೇ ಎಣ್ಣೆ ಹೊಡೆಯಬೇಕು ಅಂತಿದ್ದೇನೆ. ಸರೀನಾ?

ವಿಸ್ಕಾನ್ಸಿನ್‌ನಿಂದ

ಮೊದಲು ಆ ಸ್ಪ್ರೇ ಡಬ್ಬಿ ಕೆಳಗಿಡಿ ಸಾರ್. ಸ್ವಿಚ್ ತೆರೆದು ಮುಚ್ಚುವಾಗ ಕಿಡಿ ಹಾರುತ್ತದೆ, ಎಣ್ಣೆಗೆ ಬೆಂಕಿ ಹತ್ತಬಹುದು. ಹತ್ತದಿದ್ದರೂ ಧೂಳು ಅಂಟಿ ಅಂಟುಮುದ್ದೆ ಆಗುತ್ತದೆ. ನನ್ನ ಮೊದಲ ಯಂತ್ರಕ್ಕೆ ಹಿಂದಿನ ಮಾಲೀಕರು ಹಾಗೇ ಮಾಡಿದ್ದರು. ಅದನ್ನು ತೊಳೆಯೋದರಲ್ಲೇ ನನ್ನ ಒಂದು ಚಳಿಗಾಲ ಕಳೆಯಿತು.

ಮಾವನವರಿಗೂ ನಮಸ್ಕಾರ ಹೇಳಿ, ಆದರೆ ತಂತಿ ಬೇಡ. ಫ್ಯೂಸ್ ಹೋಗುತ್ತಿದೆ ಅಂದರೆ ಅದು ತನ್ನ ಕೆಲಸ ಮಾಡುತ್ತಿದೆ. ತಂತಿ ಸುತ್ತಿದರೆ ಫ್ಯೂಸ್ ಬದಲು ಕಾಯಿಲ್ ಸುಡುತ್ತದೆ, ಇಲ್ಲವೇ 50 ವರ್ಷದ ಒಣಗಿದ ವೈರಿನ ಕಟ್ಟು ಸುಡುತ್ತದೆ. ಯಂತ್ರದೊಳಗೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಆಂಪಿಯರ್ ಅಂತ ಇದೆಯೋ ಅಷ್ಟೇ ಹಾಕಿ.

ಇನ್ನೊಂದು ಮುಖ್ಯ ವಿಷಯ. ಗಾಟ್ಲೀಬ್ ಕಂಪನಿಯ ಯಂತ್ರವಾಗಿದ್ದರೆ ಸ್ವಿಚ್ ಆಫ್ ಮಾಡಿ ದೀಪ ಆರಿದರೂ, ಪ್ಲಗ್ ಗೋಡೆಯಲ್ಲಿ ಇರುವವರೆಗೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಕರೆಂಟ್ ಇರುತ್ತದೆ. ಕಾಯಿಲ್‌ಗಳಿಗೆ ಹೋಗುವುದು ಕಡಿಮೆ ವೋಲ್ಟೇಜ್. ಗಾಟ್ಲೀಬ್‌ನಲ್ಲಿ ಸುಮಾರು 25, ಬ್ಯಾಲಿ ಕಂಪನಿಯದರಲ್ಲಿ ಸುಮಾರು 50. ಆದರೆ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ ಮನೆಯ 120 ವೋಲ್ಟ್ ಇದೆ, ಅದು ತಮಾಷೆಯಲ್ಲ. ಕೈ ಒಳಗೆ ಹಾಕುವ ಮುಂಚೆ ಪ್ಲಗ್ಗನ್ನೇ ಕಿತ್ತಿಡಿ. ಹಳೇ ಯಂತ್ರಗಳಲ್ಲಿ ಅರ್ಥಿಂಗ್ ಇಲ್ಲದ ಎರಡು ಪಿನ್ ಪ್ಲಗ್ ಇರುವುದು ಸಾಮಾನ್ಯ. ನಿಮ್ಮದೂ ಹಾಗಿದ್ದರೆ ಮೂರು ಪಿನ್ನಿನ ಕೇಬಲ್ ಹಾಕಿಸಿ. ಇದಕ್ಕೆ ಮಾವನವರು ಸರಿಯಾದ ಆಳು.

ಈಗ ಮೋಟರ್ ವಿಷಯಕ್ಕೆ ಬರೋಣ. ಸ್ಟಾರ್ಟ್ ಒತ್ತಿದಾಗ ರಿಸೆಟ್ ರಿಲೇ ಎಳೆದುಕೊಳ್ಳುತ್ತದೆ, ಸ್ಕೋರ್ ಮೋಟರ್ ತಿರುಗಿ ಒಂದೊಂದೇ ಹೊಡೆತ ಕೊಟ್ಟು ರೀಲುಗಳನ್ನು ಮುಂದೆ ತಳ್ಳುತ್ತದೆ. ಪ್ರತಿ ರೀಲಿನ ಪಕ್ಕದಲ್ಲೂ ಒಂದು ಸೊನ್ನೆ ಸ್ವಿಚ್ ಇರುತ್ತದೆ. ತೆಳ್ಳನೆ ಲೋಹದ ಎಲೆಗಳು, ತುದಿಯಲ್ಲಿ ಅಕ್ಕಿ ಕಾಳಿಗಿಂತ ಚಿಕ್ಕ ಗುಂಡಿ. ರೀಲು ಸೊನ್ನೆಗೆ ಬಂದಾಗ ಆ ಎಲೆಗಳು ಬಿಟ್ಟುಕೊಳ್ಳಬೇಕು. ಎಲ್ಲ ರೀಲುಗಳೂ ‘ನಾನು ಬಂದೆ’ ಅಂದ ಮೇಲೆಯೇ ರಿಲೇ ಬಿಡುತ್ತದೆ, ಮೋಟರ್ ನಿಲ್ಲುತ್ತದೆ, ಚೆಂಡು ಹೊರಗೆ ಬರುತ್ತದೆ. ನಿಮ್ಮಲ್ಲಿ ಯಾವುದೋ ಒಂದು ರೀಲು ಕಣ್ಣಿಗೆ ಸೊನ್ನೆ ತೋರಿಸುತ್ತಿದೆ, ಯಂತ್ರಕ್ಕೆ ಮಾತ್ರ ಇನ್ನೂ ಬಂದಿಲ್ಲ ಅನ್ನುತ್ತಿದೆ. ಎಲೆ ಬಾಗಿ ಅಂಟಿಕೊಂಡಿರುತ್ತದೆ, ಅಷ್ಟೇ.

ಕಳ್ಳನನ್ನು ಹಿಡಿಯುವುದು ಸುಲಭ. ಒಂದು ವಿಸಿಟಿಂಗ್ ಕಾರ್ಡನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ. ಪ್ಲಗ್ ಕಿತ್ತು, ಹಿಂದಿನ ಪೆಟ್ಟಿಗೆ ತೆರೆದು, ಮೊದಲ ರೀಲಿನ ಸೊನ್ನೆ ಸ್ವಿಚ್ಚಿನ ಎಲೆಗಳ ನಡುವೆ ಪಟ್ಟಿ ತೂರಿಸಿ. ಅಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಜೋಡಿ ಇರುತ್ತವೆ: ಒಂದು ರೀಲನ್ನು ತಳ್ಳಲಿಕ್ಕೆ, ಇನ್ನೊಂದು ರಿಲೇಗೆ ಸುದ್ದಿ ಮುಟ್ಟಿಸಲಿಕ್ಕೆ. ನಿಮ್ಮ ರೀಲುಗಳು ಸೊನ್ನೆಯಲ್ಲಿ ನಿಂತಿವೆ ಅಂದಮೇಲೆ ಎರಡನೆಯದರ ಮೇಲೇ ಅನುಮಾನ. ಪ್ಲಗ್ ಹಾಕಿ ಸ್ಟಾರ್ಟ್ ಒತ್ತಿ. ಮೋಟರ್ ನಿಲ್ಲಲಿಲ್ಲವಾ? ಪ್ಲಗ್ ಕಿತ್ತು ಮುಂದಿನ ರೀಲು. ಯಾವ ರೀಲಿಗೆ ಕಾಗದ ಇಟ್ಟಾಗ ಮೋಟರ್ ಗಪ್‌ಚಿಪ್ ಆಗುತ್ತದೋ ಅದೇ ಕಳ್ಳ.

ಸಿಕ್ಕಿತು ಅಂತ ತಕ್ಷಣ ಎಲೆ ಬಗ್ಗಿಸಬೇಡಿ. ಈ ಎಲೆಗಳನ್ನು ಒಂದರ ಮೇಲೊಂದು ಪೇರಿಸಿ ಎರಡು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ನಡುವಿನ ಗಟ್ಟಿ ಪದರಗಳು ವರ್ಷಗಟ್ಟಲೆ ಒಣಗಿ ಕುಗ್ಗಿರುತ್ತವೆ, ಸ್ಕ್ರೂ ಸಡಿಲ ಆಗಿರುತ್ತದೆ. ಮೊದಲು ಸ್ಕ್ರೂ ಬಿಗಿ ಮಾಡಿ. ಅರ್ಧ ರೋಗ ಅಲ್ಲೇ ವಾಸಿ. ಎಲೆ ಬಗ್ಗಿಸಿ ಆಮೇಲೆ ಸ್ಕ್ರೂ ಬಿಗಿದರೆ ಮಾಡಿದ ಕೆಲಸವೆಲ್ಲ ಹಾಳು. ನಾನು ಎರಡು ಸಲ ಹಾಗೆ ಮಾಡಿ ಬೈಸಿಕೊಂಡಿದ್ದೇನೆ, ನನ್ನಿಂದಲೇ.

ಗುಂಡಿಗಳು ಕಪ್ಪಾಗಿದ್ದರೆ ಅದೇ ಕಾರ್ಡಿನ ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ, ಎಲೆಗಳನ್ನು ಮೆಲ್ಲಗೆ ಒತ್ತಿಹಿಡಿದು ನಾಲ್ಕು ಸಲ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಂತರೆ ಸಾಕು. ಮರಳು ಕಾಗದ ಬೇಡ, ಅದರ ಪುಡಿ ಒಳಗೇ ಉಳಿಯುತ್ತದೆ. ದೇವರ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿದ ಪುಣ್ಯಾತ್ಮರೊಬ್ಬರು ನನಗೆ ಗೊತ್ತು. ಹಿತ್ತಾಳೆ ಮೂರು ದಿನ ಮಿಂಚಿತು. ಆಮೇಲೆ ಹುಳಿಗೆ ಎಲ್ಲ ಹಸಿರು ಹಿಡಿಯಿತು.

ಕ್ಯಾಲಿಫೋರ್ನಿಯಾದಿಂದ

ಮೇಲಿನವರು ಹೇಳಿದ್ದು ಸರಿ. ಒಂದೇ ಒಂದು ತಕರಾರು. ಫ್ಲಿಪ್ಪರ್‌ನ ಸ್ವಿಚ್‌ಗಳಿಗೆ ಕಾಗದ ಸಾಲದು. ಅಲ್ಲಿ ಕರೆಂಟ್ ಜಾಸ್ತಿ, ಗುಂಡಿಗಳು ಟಂಗ್‌ಸ್ಟನ್‌ನವು, ಸುಟ್ಟು ಗುಳಿ ಬಿದ್ದಿರುತ್ತವೆ. ಅವಕ್ಕೆ ಸಣ್ಣ ಅರವೇ ಬೇಕು. ಉಳಿದ ಕಡೆಯವು ಮೆತ್ತನೆಯ ಬೆಳ್ಳಿ ಗುಂಡಿಗಳು, ಅಲ್ಲಿ ಅರ ಆಡಿಸಿದರೆ ಸವೆದೇ ಹೋಗುತ್ತವೆ.

ನಿಮ್ಮ ಬಲಗಡೆ ಫ್ಲಿಪ್ಪರ್ ಯಾಕೆ ಸೋತಿದೆ ಅಂದರೆ, ಅದರ ಕಾಯಿಲ್‌ನಲ್ಲಿ ಎರಡು ಸುತ್ತು ಇರುತ್ತವೆ. ದಪ್ಪ ವೈರಿನದು ಹೊಡೆತಕ್ಕೆ, ಸಣ್ಣ ವೈರಿನದು ಎತ್ತಿ ಹಿಡಿಯಲಿಕ್ಕೆ. ಫ್ಲಿಪ್ಪರ್ ಪಕ್ಕದಲ್ಲೇ ಒಂದು ಸ್ವಿಚ್ ಇದೆ. ಸುಮ್ನೆ ಇದ್ದಾಗ ಮುಚ್ಚಿಕೊಂಡಿರುತ್ತದೆ, ಫ್ಲಿಪ್ಪರ್ ಪೂರ್ತಿ ಮೇಲೆ ಹೋದಾಗ ತೆರೆದುಕೊಳ್ಳುತ್ತದೆ. ಅದು ಕೊಳೆಯಾದರೆ ಕರೆಂಟ್ ಮೊದಲಿನಿಂದಲೇ ಸಣ್ಣ ಸುತ್ತಿನ ಮೂಲಕ ಹೋಗುತ್ತದೆ, ಹೊಡೆತ ಸಪ್ಪೆ. ಅದು ತೆರೆದುಕೊಳ್ಳದೇ ಹೋದರೆ ಉಲ್ಟಾ, ಆಡುವವರು ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ದಪ್ಪ ಸುತ್ತು ಕಾಯುತ್ತದೆ, ಕೊನೆಗೆ ಸುಡುತ್ತದೆ. ಚೆನ್ನಾಗಿ ಉಜ್ಜಿ. ಮೇಲೆ ಹೋದಾಗ ಒಂದೆರಡು ಮಿಲಿಮೀಟರ್ ತೆರೆದುಕೊಂಡರೆ ಸಾಕು. ಡಬ್ಬದ ಪಕ್ಕದಲ್ಲಿ ನಾವು ಒತ್ತುವ ಗುಂಡಿಯ ಸ್ವಿಚ್ಚನ್ನೂ ಮರೆಯಬೇಡಿ.

ಬಂಪರ್‌ಗೆ ಒಂದು ಉಪಾಯ. ಪ್ಲಗ್ ಕಿತ್ತು, ಎಡ ಬಂಪರ್ ಕಾಯಿಲ್‌ನ ಒಂದು ತುದಿಯ ಬೆಸುಗೆ ಬಿಡಿಸಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. ಒಂದು ತುದಿ ಬಿಡಿಸದಿದ್ದರೆ ಬೇರೆ ದಾರಿಗಳೂ ಸೇರಿ ಅಳತೆ ಸುಳ್ಳು ಹೇಳುತ್ತದೆ. ಎಷ್ಟಿರಬೇಕು ಅಂತ ಹುಡುಕುವುದೇ ಬೇಡ. ಪಕ್ಕದ ಬಂಪರ್‌ನಲ್ಲಿ ಅದೇ ನಂಬರಿನ ಕಾಯಿಲ್ ಇದ್ದರೆ ಅದನ್ನೂ ಅಳೆಯಿರಿ. ಎಡದ್ದು ತೀರಾ ಕಡಿಮೆ ತೋರಿಸಿದರೆ ಒಳಗೆ ಸುಟ್ಟು ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ. ಹೊಸ ಕಾಯಿಲ್ ಬೇಕು. ಸುಮ್ಮನೆ ಹೊಸದು ಹಾಕಿ ಕೂರಬೇಡಿ, ಯಾಕೆ ಸುಟ್ಟಿತು ನೋಡಿ. ಬಂಪರ್ ಕೆಳಗಿನ ಚಮಚದಂಥ ಸ್ವಿಚ್ ಮುಚ್ಚಿಕೊಂಡೇ ಉಳಿದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಮಗಳಿಗೆ ರಜೆ ಬಂದಾಗ ಅಲಮೀಡಾದ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂಗೆ ಹೋಗಿದ್ದೆವು. ಸುಸ್ಥಿತಿಯಲ್ಲಿರುವ ಹಳೇ ಯಂತ್ರದ ಸದ್ದು ಹೇಗಿರುತ್ತದೆ ಅಂತ ಅಲ್ಲಿ ಕಿವಿಗೆ ಅಭ್ಯಾಸ ಆಯಿತು. ಅದಾದ ಮೇಲೆ ಮನೆಯಲ್ಲಿ ತೊಂದರೆ ಹುಡುಕೋದು ಅರ್ಧ ಸುಲಭವಾಯಿತು.

ಮತ್ತೆ ಒಹಾಯೊದಿಂದ

ಸಿಕ್ಕಿತು! ಮೂರನೇ ಆಟಗಾರನ ನೂರರ ರೀಲು. ಹನ್ನೊಂದನೇ ಪಟ್ಟಿ ತೂರಿಸಿದಾಗ ಮೋಟರ್ ನಿಂತಿತು, ಕೆಳಗೆ ಟಕ್ ಅಂತ ಚೆಂಡು ಹೊರಗೆ ಬಂತು. ಮಾವನವರು ಟಾರ್ಚ್ ಹಿಡಿದಿದ್ದರು, ಟಾರ್ಚ್ ಬಿಟ್ಟು ಚಪ್ಪಾಳೆ ತಟ್ಟಿದರು. ಸ್ಕ್ರೂ ಒಂದೂವರೆ ಸುತ್ತು ಬಿಗಿಯಾಯಿತು. ಎಲೆ ಬಗ್ಗಿಸುವ ಪ್ರಸಂಗವೇ ಬರಲಿಲ್ಲ.

ಫ್ಲಿಪ್ಪರ್ ಉಜ್ಜಿದೆ, ಈಗ ಎಡಗಡೆಯದನ್ನೂ ಮೀರಿಸುತ್ತಿದೆ. ಎಡ ಬಂಪರ್ ಕಾಯಿಲ್ ಪಕ್ಕದ್ದರ ಅರ್ಧದಷ್ಟೂ ತೋರಿಸಲಿಲ್ಲ, ಮೇಲಿನ ಕಾಗದವೂ ಕಂದು ಬಣ್ಣಕ್ಕೆ ತಿರುಗಿದೆ. ಹೊಸದಕ್ಕೆ ಹೇಳಿದ್ದೇನೆ. ಬರುವವರೆಗೆ ಆ ವೈರಿಗೆ ಟೇಪ್ ಸುತ್ತಿಟ್ಟು ಎರಡೇ ಬಂಪರ್‌ನಲ್ಲಿ ಆಡುತ್ತಿದ್ದೇವೆ.

ಇನ್ನೊಂದು ಸಣ್ಣ ಪ್ರಶ್ನೆ. ಎಷ್ಟನೇ ಚೆಂಡು ಅಂತ ತೋರಿಸುವ ದೀಪ ಹೊಸ ಆಟ ಶುರು ಮಾಡಿದರೂ ಒಂದಕ್ಕೆ ಬರುತ್ತಿಲ್ಲ, ಮೂರರಲ್ಲೇ ನಿಂತುಬಿಡುತ್ತದೆ. ಬೆರಳಿನಿಂದ ತಳ್ಳಿದರೆ ಬರುತ್ತದೆ. ಇದೂ ಸ್ವಿಚ್ಚಾ?

ವಿಸ್ಕಾನ್ಸಿನ್‌ನಿಂದ

ಅಲ್ಲ, ಇದು ಹಳೇ ಗ್ರೀಸ್. ಬೆರಳಿನಿಂದ ತಳ್ಳಿದರೆ ಬರುತ್ತದೆ ಅಂದಿರಲ್ಲ, ಅಲ್ಲೇ ಗೊತ್ತಾಯಿತು. ಅದು ಸ್ಟೆಪ್ಪರ್, ಒಂದೊಂದೇ ಹೆಜ್ಜೆ ತಿರುಗಿ ಎಣಿಕೆ ಇಡುವ ಭಾಗ. ಹಲ್ಲಿನ ಚಕ್ರವನ್ನು ಸ್ಪ್ರಿಂಗ್ ಒಂದೇ ಎಳೆತಕ್ಕೆ ಹಿಂದಕ್ಕೆ ತರಬೇಕು. ಗ್ರೀಸ್ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಹಿಡಿದುಕೊಂಡಿದೆ. ಸ್ಪ್ರಿಂಗ್ ಬಿಗಿ ಮಾಡಲು ಹೋಗಬೇಡಿ, ಆಗ ಮುಂದಕ್ಕೆ ತಳ್ಳುವ ಕಾಯಿಲ್‌ಗೆ ಭಾರ ಹೆಚ್ಚಾಗುತ್ತದೆ. ಬಿಚ್ಚುವ ಮುಂಚೆ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ, ಸ್ಪ್ರಿಂಗ್ ಎಷ್ಟು ಸುತ್ತು ಇತ್ತು ಅಂತ ಬರೆದಿಡಿ. ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಅಕ್ಷ ಒರೆಸಿ. ಕಾಯಿಲ್ ಒಳಗೆ ಓಡಾಡುವ ಕಬ್ಬಿಣದ ಸರಳಿಗೆ ಮಾತ್ರ ಏನೂ ಹಚ್ಚಬೇಡಿ, ಅದು ಒಣಗಿಯೇ ಇರಬೇಕು.

ಬಂಪರ್ ಕಾಯಿಲ್ ಬಂದ ದಿನ ಮತ್ತೆ ಬರೆಯಿರಿ. ಅಂದಹಾಗೆ, ಮಾವನವರ ಸ್ಕೋರ್ ಎಷ್ಟು?