ಅಪ್‌ಡೇಟ್: ಬೀಟಲ್ ಎಂಜಿನ್ ವಿಪರೀತ ಬಿಸಿಯಾಗುತ್ತಿದ್ದ ಗುಟ್ಟು ಸಿಕ್ಕಿತು

ನನ್ನ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಅರ್ಧ ಗಂಟೆ ಓಡಿದರೆ ಸಾಕು, ವಿಪರೀತ ಕಾದು ಎಳೆತ ಕಳೆದುಕೊಳ್ಳುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ನನಗೆ ಗುಮಾನಿ ಇದ್ದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಮೇಲೆ. ಕ್ಲಬ್ಬಿನ ಹಿರಿಯರೊಬ್ಬರು ಮಾತ್ರ "ಮೊದಲು ಗಾಳಿ ಹೋಗುವ ದಾರಿ ನೋಡಿ" ಅಂದಿದ್ದರು. ಈ ಎಂಜಿನ್ ತಣ್ಣಗಾಗುವುದು ನೀರಿನಿಂದಲ್ಲ, ಫ್ಯಾನ್ ಊದುವ ಗಾಳಿಯಿಂದ.

ಅವರು ಹೇಳಿದ್ದೇ ಸರಿ. ಕ್ಲಬ್ಬಿನ ಇಬ್ಬರು ಬಂದರು, ಎಂಜಿನ್ ಕೆಳಗಿಳಿಸಿದೆವು. ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟು. ಹಾಗಂತ ಒಬ್ಬರೇ ಕೈ ಹಾಕಬೇಡಿ, ಭಾರ ಇದೆ. ಫ್ಯಾನಿನ ತಗಡಿನ ಕವಚ ಎತ್ತಿದರೆ, ಆಯಿಲ್ ಕೂಲರ್ ಮೇಲೆ ಇಲಿಯ ಗೂಡು! ಹುಲ್ಲು, ಹತ್ತಿ, ಬಟ್ಟೆ ಚೂರು, ಪೂರ್ತಿ ಸಂಸಾರ. ಈ ಮಾಡೆಲ್‌ನಲ್ಲಿ ಕೂಲರ್ ಕವಚದ ಒಳಗೇ, 3ನೇ ಸಿಲಿಂಡರ್‌ಗೆ ಹೋಗುವ ಗಾಳಿಗೆ ಅಡ್ಡವಾಗಿ ನಿಂತಿರುತ್ತದೆ. ಹಾಗಾಗಿ ಆ ಸಿಲಿಂಡರ್ ಮೊದಲೇ ಉಳಿದವಕ್ಕಿಂತ ಜಾಸ್ತಿ ಕಾಯುತ್ತದೆ. ಮೇಲೆ ಗೂಡು ಬೇರೆ, ಕೇಳಬೇಕಾ? ಅದರ ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವ ವಾಲ್ವ್) ಹಿಗ್ಗಿ, ಅದಕ್ಕೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಇರಬೇಕಾದ ಸಂದು ಪೂರ್ತಿ ಮುಚ್ಚಿತ್ತು. ಸಿಲಿಂಡರ್ ಹೆಡ್ ಬಿಚ್ಚಿ ಹೊಸ ವಾಲ್ವ್ ಹಾಕಿದೆವು.

ಇನ್ನೊಂದು ವಿಷಯ. ಹಿಂದೆ ರಿಪೇರಿ ಮಾಡಿದವರು ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ವಾಪಸ್ ಹಾಕಿರಲೇ ಇಲ್ಲ. ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತಿತ್ತು. ಸುಮ್ನೆ ಒಂದು ರಬ್ಬರ್ ಪಟ್ಟಿ ಅಂದುಕೊಂಡಿದ್ದೆ ನಾನೂ!

ಎಂಜಿನ್ ತಣ್ಣಗಿರುವಾಗ ಎಲ್ಲ ವಾಲ್ವ್‌ಗಳಿಗೂ 0.15 ಮಿ.ಮೀ. ಸಂದು ಇಟ್ಟೆವು. ಆಯಿಲ್ ಸೋಸುವ ಜಾಲರಿ ತೊಳೆದು 2.5 ಲೀಟರ್ ಹೊಸ ಆಯಿಲ್ ಹಾಕಿದೆವು. ಇದರಲ್ಲಿ ಆಯಿಲ್ ಫಿಲ್ಟರ್ ಇಲ್ಲ, ಇರೋದು ಆ ಜಾಲರಿ ಒಂದೇ ಅಲ್ವಾ.

ನಿನ್ನೆ ಎರಡು ಗಂಟೆ ಬಿಡದೆ ಓಡಿಸಿದೆ, ಎಳೆತ ಕಡಿಮೆಯಾಗಲಿಲ್ಲ. ಕಾರ್ಬ್ಯುರೇಟರ್ ಮುಟ್ಟಲೇ ಇಲ್ಲ. ಎಂಜಿನ್ ಬಿಸಿಗೆ ತಕ್ಕಂತೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥರ್ಮೋಸ್ಟಾಟ್ ಮತ್ತು ಅದರ ಫ್ಲಾಪ್‌ಗಳನ್ನು ಯಾರೋ ಕಿತ್ತಿದ್ದಾರೆ, ಅವನ್ನು ಹುಡುಕುತ್ತಿದ್ದೇನೆ. ಯಾರ ಬಳಿಯಾದರೂ ಹಳೇ ಸೆಟ್ ಇದ್ದರೆ ಹೇಳಿ.