ಎಡಿಎಚ್‌ಡಿ ಇಟ್ಟುಕೊಂಡು ದಿನ ನಡೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದ್ದು

ನನಗೆ ಮೂವತ್ತು ದಾಟಿದೆ. ಮನೋವೈದ್ಯರು ನೋಡಿ ಎಡಿಎಚ್‌ಡಿ ಅಂದರು, ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇರುವ ತೊಂದರೆ. ಚಡಪಡಿಕೆ ಕಡಿಮೆ, ಗಮನ ಕೊರತೆ ಜಾಸ್ತಿ ಇರುವ ಬಗೆಯಂತೆ. ‘ತಲೆ ಇದೆ, ಉಪಯೋಗಿಸಲ್ಲ’ ಅನ್ನೋ ಮಾತು ಕೇಳಿಕೊಂಡೇ ದೊಡ್ಡವಳಾದೆ. ಕೆಲಸ ಶುರು ಮಾಡೋಕೇ ಆಗಲ್ಲ, ಶುರು ಮಾಡಿದ್ದು ಮುಗಿಯಲ್ಲ, ಟೈಮಿನ ಅಂದಾಜಂತೂ ಇಲ್ಲವೇ ಇಲ್ಲ. ಮಾತ್ರೆ ಬರೆದುಕೊಟ್ಟಿದ್ದಾರೆ, ಇನ್ನೂ ನುಂಗಿಲ್ಲ, ಭಯ. ಇದರ ಜೊತೆ ಬದುಕುತ್ತಿರುವವರು ನಿಮಗೆ ನಿಜವಾಗಿ ಏನು ಉಪಯೋಗಕ್ಕೆ ಬಂತು ಹೇಳಿ. ‘ಡೈರಿ ಬರೆಯಿರಿ’ ಅಂತ ಮಾತ್ರ ಹೇಳಬೇಡಿ. ಮೊದಲ ಮೂರು ಪುಟ ತುಂಬಿ ನಿಂತ ಡೈರಿಗಳೇ ಮನೆ ತುಂಬ ಇವೆ.

ತಮಗೆ ಎಡಿಎಚ್‌ಡಿ ಇದೆ ಅಂತ ಬಹಳ ವರ್ಷದಿಂದ ಗೊತ್ತಿರುವವರು

ಡೈರಿ ಬೇಡ ಅಂದಿದ್ದು ಸರಿಯಾಗಿದೆ. ಡೈರಿ ತೆರೆದು ನೋಡಬೇಕು ಅನ್ನುವುದನ್ನೂ ನಾವೇ ನೆನಪಿಡಬೇಕಲ್ವಾ? ನಮಗೆ ಕೈಕೊಡುವುದೇ ಅಲ್ಲಿ. ಈ ವಿಷಯದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲೆ ಹೇಳುವುದು ಇದನ್ನೇ. ಏನು ಮಾಡಬೇಕು ಅಂತ ಇವರಿಗೆ ಗೊತ್ತಿರುತ್ತದೆ, ಗೊತ್ತಿರುವುದನ್ನು ಆ ಹೊತ್ತಿಗೆ ಮಾಡುವುದರಲ್ಲಿ ತೊಡಕು. ಹಾಗಾಗಿ ನಮಗೆ ಬುದ್ಧಿಮಾತು ಹೇಳಿ ಉಪಯೋಗವಿಲ್ಲ. ಕೆಲಸ ನಡೆಯುವ ಜಾಗದಲ್ಲೇ ಕಣ್ಣಿಗೆ ಬೀಳುವ, ಕಾಲಿಗೆ ತಡೆಯುವ ಏನಾದರೂ ಇರಬೇಕು.

ನಮ್ಮ ಮನೆ ಬಾಗಿಲ ಪಕ್ಕ ಒಂದು ಸಣ್ಣ ಮೇಜಿದೆ. ಕೀ, ಪರ್ಸು, ಕನ್ನಡಕ, ಬ್ಯಾಗು ಅಲ್ಲಿ ಮಾತ್ರ ಇರಬೇಕು. ಒಳಗೆ ಕಾಲಿಟ್ಟ ತಕ್ಷಣ ಕೀ ಆ ಮೇಜಿನ ಮೇಲೆ ಬೀಳಬೇಕು. ಕೈಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಒಳಗೆ ಹೋದೆ ಅಂದರೆ ಮುಗೀತು, ಬೆಳಿಗ್ಗೆ ಅದು ಫ್ರಿಜ್ ಮೇಲೆ ಸಿಗುತ್ತದೋ ಬಚ್ಚಲುಮನೆಯಲ್ಲೋ ದೇವರೇ ಬಲ್ಲ. ಯಾರಿಗಾದರೂ ವಾಪಸ್ ಕೊಡಬೇಕಾದ ಪುಸ್ತಕ ಇದ್ದರೆ ಅದನ್ನು ನನ್ನ ಚಪ್ಪಲಿ ಮೇಲೇ ಇಡುತ್ತೇನೆ. ಅದನ್ನು ಎತ್ತದೆ ಹೊರಡೋಕೆ ಆಗಲ್ಲ. ಮೊದಲು ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದೆ. ಸ್ವಲ್ಪ ದಿನ ಕಳೆದರೆ ಚೀಟಿ ಇರುವುದೇ ಕಣ್ಣಿಗೆ ಕಾಣಿಸುವುದಿಲ್ಲ. ಅಂಟಿಸುವವರು ಆಗಾಗ ಬಣ್ಣ, ಜಾಗ ಬದಲಿಸುತ್ತಿರಿ. ಬಾಗಿಲಿರುವ ಕಪಾಟೂ ನನಗೆ ಆಗಿಬರಲಿಲ್ಲ. ಕಣ್ಣಿಗೆ ಕಾಣದ ವಸ್ತು ನನ್ನ ಪಾಲಿಗೆ ಇಲ್ಲವೇ ಇಲ್ಲ. ಬಾಗಿಲನ್ನೇ ಕಳಚಿ ಇಟ್ಟಿದ್ದೇನೆ. ಬಂದವರಿಗೆ ಮನೆ ಹರಡಿಕೊಂಡಿರುವ ಹಾಗೆ ಕಾಣುತ್ತದೆ, ಕಾಣಲಿ ಬಿಡಿ.

ಇನ್ನು ಟೈಮಿನ ವಿಷಯ. ನಮಗೆ ಇರುವುದು ಎರಡೇ ಹೊತ್ತು, ‘ಈಗ’ ಮತ್ತು ‘ಈಗಲ್ಲ’. ಮೂರು ಗಂಟೆಯ ಮೀಟಿಂಗು ‘ಈಗಲ್ಲ’ದಲ್ಲಿ ಸುಮ್ನೆ ಕೂತಿರುತ್ತದೆ, ಇದ್ದಕ್ಕಿದ್ದ ಹಾಗೆ ‘ಈಗ’ ಆಗಿ ಮೈಮೇಲೆ ಬೀಳುತ್ತದೆ. ಇದಕ್ಕೆ ಮುಳ್ಳಿನ ಗಡಿಯಾರ ಉಪಯೋಗಕ್ಕೆ ಬಂತು, ಪ್ರತಿ ಕೋಣೆಗೂ ಒಂದು. ಅಂಕಿಯ ಗಡಿಯಾರ ಎಷ್ಟಾಯಿತು ಅಂತ ಮಾತ್ರ ಹೇಳುತ್ತದೆ. ಮುಳ್ಳಿನದಾದರೆ ಇನ್ನೆಷ್ಟು ಉಳಿದಿದೆ ಅಂತ ನೋಡಿದರೇ ಗೊತ್ತಾಗುತ್ತದೆ. ಜೊತೆಗೆ ಹಿಂದಿನಿಂದ ಲೆಕ್ಕ ಹಾಕುತ್ತೇನೆ. 10ಕ್ಕೆ ಅಲ್ಲಿರಬೇಕು ಅಂದರೆ 9.15ಕ್ಕೆ ಹೊರಡಬೇಕು, 8.50ಕ್ಕೆ ಬಟ್ಟೆ ಹಾಕಿಕೊಳ್ಳಬೇಕು, 8.40ಕ್ಕೆ ಕೈಯಲ್ಲಿರುವ ಕೆಲಸ ಬಿಡಬೇಕು. ಅಲಾರಂ ಹೊಡೆಯಬೇಕಾದ್ದು ಈ 8.40ಕ್ಕೆ. ಅಲಾರಂನಲ್ಲಿ ‘ಮೀಟಿಂಗ್’ ಅಂತ ಬರೆದರೆ ಸಾಲದು. ‘ಲ್ಯಾಪ್‌ಟಾಪ್ ಮುಚ್ಚು, ಎದ್ದು ನಿಲ್ಲು’ ಅಂತಲೇ ಬರೆದಿದ್ದೇನೆ. ನಮ್ಮಲ್ಲಿ ಕೆಲವರಿಗೆ ಇಷ್ಟವಾದ ಕೆಲಸ ಸಿಕ್ಕರೆ ಊಟ ನಿದ್ದೆ ಮರೆತು ಅದರಲ್ಲೇ ಮುಳುಗುವುದೂ ಇದೆ. ಅದರಿಂದ ಮೇಲೆಳೆಯಲು ಇದೇ ಅಲಾರಂ ಬೇಕು. ಫೋನು ಕೈಗೆಟುಕದಷ್ಟು ದೂರ ಇರಬೇಕು, ಇಲ್ಲದಿದ್ದರೆ ಕಣ್ಣೆತ್ತದೆ ಬಾಯಿ ಮುಚ್ಚಿಸಿಬಿಡುತ್ತೀರಿ.

ಮಾತ್ರೆ ತೆಗೆದುಕೊಳ್ಳುವವರು

ಮಾತ್ರೆ ಭಯದ ಬಗ್ಗೆ ಹೇಳುತ್ತೇನೆ. ನಾನು ತಗೊಳ್ಳುವುದು ಮೀಥೈಲ್‌ಫೆನಿಡೇಟ್. ಹೊಸ ಔಷಧಿ ಏನಲ್ಲ, 1950ರ ದಶಕದಿಂದಲೂ ಬಳಕೆಯಲ್ಲಿದೆ. ಮೆದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳು ಬೇಗ ವಾಪಸ್ ಹೀರಿಹೋಗದಂತೆ ತಡೆಯುತ್ತದೆ. ಸಾಮಾನ್ಯ ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆ. ತಗೊಂಡ ದಿನ ಆಕಾಶ ಕಳಚಿ ಬೀಳಲಿಲ್ಲ. ಮೇಲ್ ತೆರೆದೆ, ಉತ್ತರ ಬರೆದೆ, ಕಳಿಸಿದೆ. ಅಷ್ಟೇ. ತೆರೆಯುವುದಕ್ಕೂ ಬರೆಯುವುದಕ್ಕೂ ನಡುವೆ ಯಾವಾಗಲೂ ಇರುತ್ತಿದ್ದ ಗೋಡೆ ಅವತ್ತು ಇರಲಿಲ್ಲ.

ತೊಂದರೆಯೂ ಇದೆ. ಮಧ್ಯಾಹ್ನ ಹಸಿವೇ ಆಗುವುದಿಲ್ಲ, ಹಾಗಾಗಿ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿನ್ನುತ್ತೇನೆ. ತಡವಾಗಿ ತಗೊಂಡರೆ ರಾತ್ರಿ ನಿದ್ದೆ ಹೋಯಿತು ಅಂತಲೇ ಲೆಕ್ಕ. ಸಂಜೆ ಪರಿಣಾಮ ಇಳಿಯುವಾಗ ಸಿಡುಕು ಬರುತ್ತದೆ, ಆ ಹೊತ್ತಿನಲ್ಲಿ ಮನೆಯವರ ಜೊತೆ ಹಣಕಾಸಿನ ಮಾತು ಎತ್ತುವುದಿಲ್ಲ. ನಾಡಿ, ಬಿಪಿ, ತೂಕ ಆಗಾಗ ನೋಡಿಸಬೇಕು. ನಿಮಗಾಗಲಿ ಮನೆಯಲ್ಲಿ ಯಾರಿಗಾಗಲಿ ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಡೋಸ್ ನಾವಾಗಿಯೇ ಏರಿಸಬಾರದು, ಪರೀಕ್ಷೆ ಇದೆ ಅಂತ ಸ್ನೇಹಿತರು ಕೇಳಿದರೂ ಒಂದು ಮಾತ್ರೆ ಕೊಡಬಾರದು. ಇದು ಹೊಂದದವರಿಗೆ ಅಟೊಮಾಕ್ಸೆಟಿನ್ ಅಂತ ಬೇರೆ ಬಗೆಯದು ಇದೆ, ಅದು ಸರಿಯಾಗಿ ಹಿಡಿಯಲು ಕೆಲವು ವಾರ ಬೇಕು. ಮಾತ್ರೆಯಿಂದ ನನಗೆ ಶುರು ಮಾಡುವ ಶಕ್ತಿ ಬಂತು. ಯಾವುದನ್ನು ಶುರು ಮಾಡಬೇಕು ಅಂತ ಮಾತ್ರೆ ಹೇಳುವುದಿಲ್ಲ. ಬೆಳಿಗ್ಗೆ ಅದು ಹಿಡಿಯುವ ಹೊತ್ತಿಗೆ ಯಾವ ಕೆಲಸ ಎದುರಿಗಿದೆಯೋ ಅದಕ್ಕೇ ಅಂಟಿಕೊಳ್ಳುತ್ತೇನೆ, ಅದು ಫೋನ್ ಆಗಿದ್ದರೆ ಫೋನಿಗೇ!

ಅನುಮಾನ ಇರುವವರು

ಬೇಜಾರು ಮಾಡ್ಕೋಬೇಡಿ. ಮರೆವು, ಮುಂದೂಡುವುದು ಯಾರಿಗಿಲ್ಲ ಹೇಳಿ? ಈಗ ಎಲ್ಲದಕ್ಕೂ ಒಂದು ಹೆಸರು ಇಡುತ್ತಾರೆ ಅನಿಸುತ್ತದೆ.

ಅದಕ್ಕೆ ಉತ್ತರ ಕೊಟ್ಟವರು

ಎಲ್ಲರಿಗೂ ಇದೆ, ಒಪ್ಪಿದೆ. ಎಷ್ಟು ಇದೆ, ಎಲ್ಲೆಲ್ಲಿ ಇದೆ, ಯಾವಾಗಿಂದ ಇದೆ ಅನ್ನುವುದನ್ನು ನೋಡುತ್ತಾರೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ, 2013ರಲ್ಲಿ ಬಂದ ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಪ್ರಕಾರ ಗಮನಕ್ಕೆ ಸೇರಿದ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸೇರಿದ 9 ಲಕ್ಷಣ ಇವೆ. ದೊಡ್ಡವರಾದರೆ ಯಾವುದಾದರೂ ಒಂದು ಗುಂಪಿನಲ್ಲಿ ಕನಿಷ್ಠ 5 ಇರಬೇಕು. ಹನ್ನೆರಡು ವರ್ಷಕ್ಕೆ ಮೊದಲೇ ಕೆಲವು ಕಾಣಿಸಿಕೊಂಡಿರಬೇಕು. ಮನೆ, ಕೆಲಸ, ಓದು ಹೀಗೆ ಎರಡು ಕಡೆಯಾದರೂ ಬದುಕಿಗೆ ಅಡ್ಡ ಬಂದಿರಬೇಕು. ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಆತಂಕ ಇವೂ ಹೀಗೇ ಕಾಣಿಸಬಹುದು. ಒಳ್ಳೆಯ ಡಾಕ್ಟರು ಅದನ್ನೂ ಕೇಳಿಯೇ ಮುಂದೆ ಹೋಗುತ್ತಾರೆ. ವಿಡಿಯೋ ನೋಡಿ ‘ನನಗೂ ಇದೆ’ ಅನ್ನುವವರ ಬಗ್ಗೆ ನಿಮ್ಮ ಅನುಮಾನ ಸರಿಯೇ ಇರಬಹುದು. ಆದರೆ ಇವರು ಡಾಕ್ಟರ ಹತ್ತಿರ ಹೋಗಿ ಬಂದವರು.

ತಡವಾಗಿ ಗೊತ್ತಾದ ಇನ್ನೊಬ್ಬ ಹೆಣ್ಣುಮಗಳು

ನನ್ನ ಮಗನಿಗೆ ತೋರಿಸಲು ಹೋದಾಗ ಡಾಕ್ಟರು ಕೇಳಿದ ಪ್ರಶ್ನೆಗೆಲ್ಲ ನನ್ನದೇ ಉತ್ತರ ಬರುತ್ತಿತ್ತು. ಇದು ವಂಶದಲ್ಲಿ ಹರಿಯುವುದು ತುಂಬ ಜಾಸ್ತಿ, ಇದು ಒಬ್ಬರಲ್ಲಿ ಜಾಸ್ತಿ ಒಬ್ಬರಲ್ಲಿ ಕಡಿಮೆ ಇರುವುದರಲ್ಲಿ ವಂಶವಾಹಿಗಳ (ಜೀನ್‌ಗಳ) ಪಾಲು ಸುಮಾರು 70ರಿಂದ 80 ಶೇಕಡಾ ಅಂತ ಅವಳಿ ಮಕ್ಕಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿ ಪಕ್ಕ ಸುಮ್ನೆ ಕೂತು ಎಲ್ಲೋ ಕಳೆದುಹೋದ ಹುಡುಗಿ ಯಾರಿಗೂ ತೊಂದರೆ ಕೊಡಲ್ಲ, ಅವಳನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲ್ಲ. ಚಡಪಡಿಕೆ ಇಲ್ಲದೆಯೂ ಗಮನ ಕೊರತೆ ಇರಬಹುದು ಅಂತ ಅಮೆರಿಕದ ಕೈಪಿಡಿ 1980ರಲ್ಲೇ ಬರೆದಿತ್ತು. ನಮ್ಮಂಥವರನ್ನು ತಲುಪಲು ಅದಕ್ಕೆ ಇಷ್ಟು ಕಾಲ ಬೇಕಾಯಿತು.

ನಿಮಗೆ ಮುಂದೆ ಸಿಟ್ಟು ಬರಬಹುದು. ನನಗೆ ಮೊದಲು ಸಮಾಧಾನ ಆಯಿತು, ಆಮೇಲೆ ಬಹಳ ದಿನ ಸಿಟ್ಟು. ಓದು ಬಿಟ್ಟಿದ್ದು, ಮುರಿದ ಸ್ನೇಹ, ಎಲ್ಲವನ್ನೂ ಎತ್ತಿ ಎತ್ತಿ ನೋಡಿದೆ. ಈ ಸಿಟ್ಟನ್ನು ಒಬ್ಬರೇ ಹೊತ್ತುಕೊಂಡು ಓಡಾಡಬೇಡಿ. ದೊಡ್ಡವರ ಎಡಿಎಚ್‌ಡಿಗೆ ಹೊಂದಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಮಾಡಿಸುವ ಥೆರಪಿಸ್ಟ್ ಸಿಕ್ಕರೆ ಹೋಗಿ. ಅಲ್ಲಿ ಬಾಲ್ಯದ ಕಥೆ ಕಡಿಮೆ, ಈ ವಾರ ಯಾವ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವ ಮಾತು ಜಾಸ್ತಿ. ಇನ್ನೊಂದು, ಮುಟ್ಟಿಗೆ ಮುಂಚಿನ ದಿನಗಳಲ್ಲಿ ನನಗೆ ಗಮನ ಪೂರ್ತಿ ಕೈಬಿಡುತ್ತದೆ, ಮಾತ್ರೆಯೂ ಸಾಲದು ಅನಿಸುತ್ತದೆ. ಹೀಗೆ ಹೇಳುವ ಹೆಂಗಸರು ತುಂಬ ಜನ ಇದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಡಾಕ್ಟರಿಗೆ ತೋರಿಸಿ.

ಮನೆಯಿಂದಲೇ ಕೆಲಸ ಮಾಡುವವರು

ನನಗೆ ಯಾವ ಆ್ಯಪೂ ಉಪಯೋಗಕ್ಕೆ ಬರಲಿಲ್ಲ. ಹೊಸ ಆ್ಯಪ್ ಹಾಕಿಕೊಂಡು, ಬಣ್ಣ ಬಣ್ಣದ ಪಟ್ಟಿ ಮಾಡುವುದೇ ಒಂದು ಕೆಲಸ ತಪ್ಪಿಸಿಕೊಳ್ಳುವ ದಾರಿ. ನನಗೆ ಕೈಹಿಡಿದದ್ದು ಜೊತೆಗೆ ಕೂರುವ ಒಬ್ಬರು. ನನ್ನ ಸ್ನೇಹಿತೆಗೂ ಇದೇ ತೊಂದರೆ. ಬೆಳಿಗ್ಗೆ ವಿಡಿಯೋ ಕಾಲ್ ಮಾಡುತ್ತೇವೆ. ಅವಳು ‘ತೆರಿಗೆ ಕಾಗದ’ ಅನ್ನುತ್ತಾಳೆ, ನಾನು ‘ಆ ಹಾಳು ರಿಪೋರ್ಟಿನ ಮೊದಲ ಪ್ಯಾರಾ’ ಅನ್ನುತ್ತೇನೆ. ಮೈಕು ಆಫ್, ಕ್ಯಾಮೆರಾ ಆನ್. ನಡುವೆ ತಲೆ ಎತ್ತಿದರೆ ಅವಳು ಹುಬ್ಬು ಗಂಟಿಕ್ಕಿಕೊಂಡು ಕಾಗದ ತಿರುವುತ್ತಿರುತ್ತಾಳೆ, ಎದ್ದು ಹೋಗೋಕೆ ಮನಸ್ಸು ಬರಲ್ಲ. 25 ನಿಮಿಷಕ್ಕೆ ಟೈಮರ್ ಹೊಡೆಯುತ್ತದೆ. ಮೈಕು ಆನ್ ಮಾಡಿ ಎಲ್ಲಿಗೆ ಬಂತು ಅಂತ ಒಂದೇ ಮಾತು. ಮುಗಿಯದಿದ್ದರೆ ಯಾರೂ ಬೈಯುವುದಿಲ್ಲ. ಅವಳು ನನಗೆ ಏನೂ ಹೇಳಿಕೊಡುವುದಿಲ್ಲ, ಸುಮ್ನೆ ಇರುತ್ತಾಳೆ. ಅಷ್ಟಕ್ಕೇ ಕೆಲಸ ಸಾಗುತ್ತದೆ.

ಕೆಲಸವನ್ನು ಬರೆಯುವಾಗ ನಗು ಬರುವಷ್ಟು ಚಿಕ್ಕದಾಗಿ ಬರೆಯಿರಿ. ‘ರಿಪೋರ್ಟ್ ಮುಗಿಸು’ ಅಂದರೆ ಮೈ ಅಲ್ಲಾಡಲ್ಲ. ‘ಫೈಲ್ ತೆರೆದು ತಲೆಬರಹ ಹಾಕು’ ಅಂದರೆ ಆಗುತ್ತದೆ.

ಗಂಡನಿಗೆ ಎಡಿಎಚ್‌ಡಿ ಇರುವವರು

ನಾನು ಆಚೆ ಬದಿಯಿಂದ ಬರೆಯುತ್ತಿದ್ದೇನೆ. ನೆನಪಿಸುವ ಕೆಲಸ ಒಬ್ಬರ ತಲೆಗೇ ಬಿದ್ದರೆ ಸಂಸಾರದಲ್ಲಿ ಒಬ್ಬರು ಟೀಚರು, ಒಬ್ಬರು ತಪ್ಪು ಮಾಡಿದ ಹುಡುಗ ಆಗಿಬಿಡುತ್ತಾರೆ. ನಾವು ಕೆಲಸವನ್ನೇ ಬೇರೆ ಥರ ಹಂಚಿಕೊಂಡೆವು. ದಿನಾಂಕಕ್ಕೆ ಕಟ್ಟುಬಿದ್ದದ್ದು, ಅಂದರೆ ಬಿಲ್ಲು, ಫೀಸು, ವಿಮೆ, ಆದಷ್ಟೂ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿದೆವು. ಉಳಿದದ್ದು ನನ್ನದು. ಕಣ್ಣೆದುರೇ ಇರುವ ಕೆಲಸ, ಪಾತ್ರೆ, ಬಟ್ಟೆ, ಮಕ್ಕಳನ್ನು ಆಡಿಸುವುದು ಅವರದು. ಅವರು ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಮುಖ್ಯವಾದ ಮಾತು ಅವರು ಲ್ಯಾಪ್‌ಟಾಪ್ ನೋಡುತ್ತಿರುವಾಗ ಹೇಳಿದರೆ ಹೇಳಿದ ಹಾಗಲ್ಲ. ‘ಹೂಂ’ ಅಂತಾರೆ, ಒಂದಕ್ಷರ ಒಳಗೆ ಹೋಗಿರುವುದಿಲ್ಲ. ಹತ್ತಿರ ಹೋಗಿ, ಮುಖ ನೋಡಿದ ಮೇಲೆ ಹೇಳಿ. ನಿಮ್ಮ ಮನೆಯವರಿಗೆ ಇದನ್ನು ಓದಿಸಿ. ಹಾಗಂತ ಎಲ್ಲಕ್ಕೂ ‘ನನಗೆ ಎಡಿಎಚ್‌ಡಿ’ ಅನ್ನುವುದನ್ನು ನಾನು ಒಪ್ಪಲ್ಲ. ಮರೆತದ್ದು ಅವರ ಇಚ್ಛೆಯಿಂದಲ್ಲ, ಸರಿ. ಮರೆತದ್ದನ್ನು ಸರಿಮಾಡುವುದು ಅವರದೇ ಕೆಲಸ.

ಆಫೀಸಿನಲ್ಲಿ ತಂಡ ನೋಡಿಕೊಳ್ಳುವವರು

ಆಫೀಸಿನಲ್ಲಿ ಹೇಳಬೇಕಾ ಅಂತ ನೀವು ಕೇಳಿಲ್ಲ, ಆದರೆ ಬೇಗ ಕೇಳುತ್ತೀರಿ. ನನಗೂ ಇದೆ, ನಾನು ಹೇಳಿಲ್ಲ. ಕಾಯಿಲೆಯ ಹೆಸರು ಹೇಳುವ ಬದಲು ಬೇಕಾದ್ದನ್ನು ಕೇಳುತ್ತೇನೆ. ‘ಬಾಯಲ್ಲಿ ಹೇಳಿದ್ದನ್ನು ಎರಡು ಸಾಲು ಬರೆದು ಕಳಿಸಿ’, ‘ತಿಂಗಳ ಕೊನೆಗೆ ಒಂದೇ ಗಡುವು ಬೇಡ, ವಾರಕ್ಕೊಂದು ಕೊಡಿ’. ಇಂಥದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಮೇಲಿನವರು ಒಳ್ಳೆಯವರು ಅಂತ ಖಾತ್ರಿ ಇದ್ದರೆ ಹೇಳಿ. ಹೇಳಿದ ಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ.

ಒಂದೇ ಮಾತು ಹೇಳುವವರು

ನಿದ್ದೆ. ನಮ್ಮಲ್ಲಿ ಬಹಳ ಜನರ ಮೈಗಡಿಯಾರವೇ ತಡ, ರಾತ್ರಿ ಒಂದಾದರೂ ಕಣ್ಣು ಮುಚ್ಚಲ್ಲ. ಏಳುವ ಟೈಮ್ ರಜೆಯ ದಿನವೂ ಬದಲಿಸಬೇಡಿ, ಎದ್ದ ಕೂಡಲೇ ಹೊರಗೆ ಬೆಳಕಿಗೆ ಹೋಗಿ. ನಿದ್ದೆ ಕೆಟ್ಟ ದಿನ ಮೇಲಿನ ಯಾವ ಉಪಾಯವೂ ನಡೆಯಲ್ಲ.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಚಪ್ಪಲಿ ಮೇಲೆ ಪುಸ್ತಕ ಇಡೋದು ಇವತ್ತೇ ಶುರು. ಮಾತ್ರೆ ನಾಳೆಯಿಂದ ತಗೋತೀನಿ. ಒಂದೇ ಚಿಂತೆ, ತಗೊಳ್ಳೋದನ್ನೇ ಮರೆತರೆ? ತಗೊಂಡೆನಾ ಇಲ್ವಾ ಅಂತ ನೆನಪಾಗದಿದ್ದರೆ?

ಮಾತ್ರೆ ತೆಗೆದುಕೊಳ್ಳುವವರು

ಇದು ನಮ್ಮೆಲ್ಲರ ಪಾಡು. ವಾರದ ಏಳು ಖಾನೆ ಇರುವ ಮಾತ್ರೆ ಡಬ್ಬಿ ತಗೊಳ್ಳಿ. ಭಾನುವಾರ ಒಂದೇ ಸಲ ತುಂಬಿ, ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡಿ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಬೀಗ ಇರುವ ಕಡೆ ಇಟ್ಟು, ಬ್ರಷ್ಷಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ, ಗುರುತಿಗೆ. ಬುಧವಾರದ ಖಾನೆ ಖಾಲಿ ಇದ್ದರೆ ಬುಧವಾರದ್ದು ಆಯಿತು ಅಂತಲೇ ಅರ್ಥ, ಅನುಮಾನಕ್ಕೆ ಇನ್ನೊಂದು ನುಂಗಬೇಡಿ. ಮಧ್ಯಾಹ್ನದ ಮೇಲೆ ನೆನಪಾದರೆ ನಾನು ಅವತ್ತಿಗೆ ಬಿಟ್ಟುಬಿಡುತ್ತೇನೆ, ಇಲ್ಲದಿದ್ದರೆ ರಾತ್ರಿಯೆಲ್ಲ ಜಾಗರಣೆ. ನಿಮ್ಮ ಮಾತ್ರೆ ಎಷ್ಟು ಗಂಟೆಯದು, ಎಷ್ಟು ಹೊತ್ತಿನ ಮೇಲೆ ತಗೊಳ್ಳಬಾರದು ಅಂತ ಡಾಕ್ಟರನ್ನು ಕೇಳಿ, ಅದನ್ನು ಡಬ್ಬಿ ಮುಚ್ಚಳದ ಮೇಲೇ ಬರೆದಿಡಿ.