ಯುಕೆಜಿ ಮಕ್ಕಳಿಗೆ ತರಗತಿಯೊಳಗೇ ಆಡಿಸುವ ಆಟ ಹೇಳಿ: ಕೋಣೆ ಚಿಕ್ಕದು, ಕೈಲಿ 300 ರೂಪಾಯಿ

ಹೊಸ ಮಿಸ್, ತುಮಕೂರು:
ಜೂನ್‌ನಲ್ಲಿ ಒಂದು ಚಿಕ್ಕ ಶಾಲೆಗೆ ಸೇರಿದ್ದೇನೆ. 28 ಮಕ್ಕಳು, ಒಂದೇ ಕೋಣೆ, ಆಯಾ ಇಲ್ಲ. ಮಳೆ ಬಂದರೆ ಹೊರಗೆ ಬಿಡುವ ಹಾಗಿಲ್ಲ. ಸಾಮಾನಿಗೆ ತಿಂಗಳಿಗೆ 300 ರೂಪಾಯಿ ಕೊಡುತ್ತಾರೆ. ಬರೆಸಿ ಬರೆಸಿ ಮಕ್ಕಳಿಗೂ ಬೇಜಾರು, ನನಗೂ ಬೇಜಾರು. ನೀವೇ ಮಾಡಿಸಿ ನೋಡಿದ ಚಟುವಟಿಕೆ ಇದ್ದರೆ ಹೇಳಿ.

ಸಾಗರದ ಟೀಚರ್:
ಯಾರು ಏನೇ ಹೇಳಲಿ, ಮಳೆಗಾಲದಲ್ಲಿ ಆಟದ ಹಿಟ್ಟಿನ ತಂಟೆಗೆ ಹೋಗಬೇಡಿ. ಎರಡು ಲೋಟ ಮೈದಾಕ್ಕೆ ಒಂದು ಲೋಟ ಉಪ್ಪು ಅಂತ ಅಳತೆ. ಲೋಟದಲ್ಲಿ ಉಪ್ಪು ಅರ್ಧವೇ, ಆದರೆ ತೂಗಿದರೆ ಮೈದಾಕ್ಕಿಂತ ಜಾಸ್ತಿ. ಅದು ಅಂಗಡಿಗೆ ಹೋದಾಗಲೇ ಗೊತ್ತಾಗಿದ್ದು. ಮೂರು ಕೆಜಿ ಮೈದಾ 150, ನಾಲ್ಕು ಪ್ಯಾಕೆಟ್ ಉಪ್ಪು 100, ಎಣ್ಣೆ 60. ಒಟ್ಟು 310, ಎಲ್ಲ ನನ್ನ ಪರ್ಸಿನಿಂದ. ಮೂರನೇ ದಿನಕ್ಕೆ ಉಪ್ಪು ನೀರು ಬಿಟ್ಟುಕೊಂಡು ಹಿಟ್ಟೆಲ್ಲ ಗಂಜಿ.

ಅದಕ್ಕಿಂತ ದೊಡ್ಡ ಕಥೆ ಬಣ್ಣದ್ದು. ಅಂಗಡಿ ಬಣ್ಣ ಬೇಡ ಅಂತ ಅರಿಶಿನ ಹಾಕಿದ್ದೆ. ಅವತ್ತು ಬಿಳಿ ಯೂನಿಫಾರ್ಮ್. ಮನೆಯಲ್ಲಿ ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಾಗಿದೆ. ಮರುದಿನ ಹನ್ನೊಂದು ಅಮ್ಮಂದಿರು ಗೇಟಿನಲ್ಲಿ. "ಮಕ್ಕಳ ಮೇಲೆ ಕುಂಕುಮ ಚೆಲ್ಲಿದ್ದೀರಾ?" ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತೆ, ಬಿಸಿಲಿಗೆ ಹಾಕಿದರೆ ಮಾಸುತ್ತೆ ಅಂದೆ. ಸಾಗರದಲ್ಲಿ ಜುಲೈ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರೋದು ಅಂತ ಒಬ್ಬರು ಕೇಳಿದರು. ಅವರು ಕೇಳಿದ್ದೂ ಸರಿಯೇ.

ಹಳೆ ಮಿಸ್:
ಅದಕ್ಕೇ ನಾನು 19 ವರ್ಷದಿಂದ ಅಕ್ಕಿ ತಟ್ಟೆ ಬಿಟ್ಟು ಬೇರೆ ಏನೂ ಮುಟ್ಟಿಲ್ಲ. ತಟ್ಟೆಗೆ ಅರ್ಧ ಕೆಜಿ, ಇಬ್ಬರಿಗೆ ಒಂದು ತಟ್ಟೆ. ಬೆರಳಲ್ಲಿ ಅ ಬರೆಯೋದು, ಅಲುಗಾಡಿಸಿ ಅಳಿಸೋದು. ಅಕ್ಷರಾಭ್ಯಾಸವನ್ನು ಅಕ್ಕಿಯಲ್ಲೇ ತಾನೇ ಮಾಡಿಸೋದು? ಪೆನ್ಸಿಲ್ ಹಿಡಿಯಲು ಅಳುವ ಮಗು ಕೂಡ ಅಕ್ಕಿಯಲ್ಲಿ ಬರೆಯುತ್ತೆ. ನಮ್ಮ ಮಕ್ಕಳ ಅಕ್ಷರ ನೋಡಿ ಒಂದನೇ ಕ್ಲಾಸಿನ ಮಿಸ್ ಈಗಲೂ ಹೊಗಳುತ್ತಾರೆ.

ಅಂಗನವಾಡಿ ಅಕ್ಕ:
28 ಮಕ್ಕಳಿಗೆ ಏಳು ಕೆಜಿ ಅಕ್ಕಿ ಆಟಕ್ಕೆ! ನಮ್ಮ ಕೇಂದ್ರದಲ್ಲಿ ಒಂದು ಕೆಜಿ ಹೆಚ್ಚುಕಡಿಮೆಯಾದರೂ ನಾನೇ ಲೆಕ್ಕ ಕೊಡಬೇಕು. ಅಕ್ಕಿ ಕಾಲಡಿ ಬಿದ್ದರೆ ಕಣ್ಣಿಗೊತ್ತಿಕೊಳ್ಳುವ ಮಕ್ಕಳು ನಮ್ಮಲ್ಲಿದ್ದಾರೆ ಮಿಸ್. ಹೊಳೆ ಮರಳು ಜರಡಿ ಹಿಡಿದು, ತೊಳೆದು ಒಣಗಿಸಿದರೆ ಅದೇ ಕೆಲಸ ಆಗುತ್ತೆ. ರಾತ್ರಿ ಮುಚ್ಚಿಡಿ, ಬೆಕ್ಕು ಬರುತ್ತೆ.

ಹಳೆ ಮಿಸ್:
ನಾನೇನು ಅಕ್ಕಿ ಬಿಸಾಡಿಲ್ಲ. ಹುಳ ಬಂದ ಮೇಲೆ ಹಕ್ಕಿಗಳಿಗೆ ಹಾಕುತ್ತೇವೆ. ಮಕ್ಕಳನ್ನು ಮಲಗಿಸಿ ಮನೆಗೆ ಕಳಿಸುವವರಿಂದ ಪಾಠ ಕಲಿಯುವ ಅಗತ್ಯ ನನಗಿಲ್ಲ.

ಅಂಗನವಾಡಿ ಅಕ್ಕ:
ಮಲಗಿಸೋದಾ? ಅಡುಗೆ, ತೂಕ, ಗರ್ಭಿಣಿಯರ ಪಟ್ಟಿ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಲೆಕ್ಕ ತುಂಬೋದು. ಇದರ ನಡುವೆ ಚಿಲಿಪಿಲಿ ಚಟುವಟಿಕೆ ಪುಸ್ತಕ ಹಿಡಿದು ಆಟ ಆಡಿಸುತ್ತೇವೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಕೆಲಸ 1975ರಲ್ಲೇ ಟಿ. ನರಸೀಪುರದಿಂದ ಶುರುವಾಗಿದೆ. ಟೈ ಕಟ್ಟಿಕೊಂಡು ಬಂದ ಮಕ್ಕಳು ಮಾತ್ರ ಕಲಿಯೋದು ಅಂತ ಇದೆಯಾ?

ಒಬ್ಬಳ ಅಪ್ಪ:
ಟೀಚರ್ ಅಲ್ಲ ನಾನು, ಆದರೂ ಹೇಳುತ್ತೇನೆ. ಎಣಿಸಲು ಕಾಳು ಕೊಡಬೇಡಿ. ಮಗಳ ಕ್ಲಾಸಿನಲ್ಲಿ ಕಡಲೆ ಕೊಟ್ಟಿದ್ದರು. ಸಂಜೆ ಪೂರ್ತಿ ಮೂಗು ಉಜ್ಜುತ್ತಿದ್ದಳು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕಡಲೆ. ನಾನು ಬುದ್ಧಿವಂತಿಕೆ ಮಾಡಿ ಹೆಂಡತಿಯ ಹುಬ್ಬಿನ ಚಿಮುಟ ಹಾಕಿದೆ, ಇನ್ನೂ ಒಳಗೆ ಹೋಯಿತು. ಆಟೋಗೆ ಹೋಗಿ ಬರಲು 360, ಡಾಕ್ಟರಿಗೆ 500. ಒಂದು ಕಡಲೆಗೆ 860 ರೂಪಾಯಿ! ಡಾಕ್ಟರು ಮೂಗಿಗೆ ಏನೂ ಹಾಕಲಿಲ್ಲ. ಇನ್ನೊಂದು ಹೊಳ್ಳೆಯನ್ನು ಒತ್ತಿ ಹಿಡಿದು, ಅಮ್ಮನ ಕೈಲಿ ಮಗುವಿನ ಬಾಯಿಗೆ ಬಾಯಿಟ್ಟು ಒಮ್ಮೆ ಜೋರಾಗಿ ಊದಿಸಿದರು. ಎರಡನೇ ಸಲಕ್ಕೆ ಕಡಲೆ ಹಾರಿ ಹೆಂಡತಿಯ ಕೆನ್ನೆಗೆ ಬಡಿಯಿತು. ನೆನೆದು ದಪ್ಪ ಆಗಿತ್ತು. ಶಾಲೆಯವರು ಸಾರಿ ಕೂಡ ಹೇಳಲಿಲ್ಲ.

ಕುಂದಾಪುರದವಳು:
ಒಂದು ಕಡಲೆಗೆ ಹೆದರಿ ಬೀಜಾನೇ ಬೇಡ ಅಂದರೆ ಹೇಗೆ ಸರ್? ನಾನು ಅಜ್ಜಿ ಮನೆಯ ಚೆನ್ನೆಮಣೆ ತಂದಿಟ್ಟಿದ್ದೇನೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಹಂಚುತ್ತಾ ಹಂಚುತ್ತಾ ಎಣಿಕೆ ತಾನಾಗಿ ಬರುತ್ತೆ. ಆಟ ಮುಗಿದ ಮೇಲೆ 56 ಎಣಿಸಿಯೇ ಡಬ್ಬಿ ಮುಚ್ಚುತ್ತೇನೆ. ನಾಲ್ಕು ವರ್ಷದಲ್ಲಿ ಒಂದೂ ಕಳೆದಿಲ್ಲ.

ಒಬ್ಬಳ ಅಪ್ಪ:
ಆ ಕೆಂಪು ಬೀಜ ವಿಷ ಮೇಡಂ. ಮಕ್ಕಳ ಕೈಗೆ ಕೊಡುತ್ತೀರಲ್ಲ, ಧೈರ್ಯ!

ಕುಂದಾಪುರದವಳು:
ನೀವು ಹೇಳೋದು ಗುಲಗಂಜಿ. ಅದರ ತುದಿಯಲ್ಲಿ ಕಪ್ಪು ಇರುತ್ತೆ, ಅಗಿದು ನುಂಗಿದರೆ ಜೀವಕ್ಕೇ ಅಪಾಯ, ನನಗೂ ಗೊತ್ತು. ಮಂಜೊಟ್ಟಿ ಪೂರ್ತಿ ಕೆಂಪು. ಎರಡೂ ನೋಡದವರು ವಿಷದ ಮಾತು ಆಡಬಾರದು.

ಹೊಸ ಮಿಸ್, ತುಮಕೂರು:
ದಯವಿಟ್ಟು ಜಗಳ ಬೇಡ. ಚೆನ್ನೆಮಣೆ ಇಬ್ಬರೇ ಆಡೋದಲ್ವಾ? ಉಳಿದ 26 ಮಕ್ಕಳನ್ನು ಏನು ಮಾಡಲಿ?

ಅಂಗನವಾಡಿ ಅಕ್ಕ:
ಕೆರೆ-ದಡ ಆಡಿಸಿ ಮಿಸ್. ಒಂದು ಸೀಮೆಸುಣ್ಣ ಸಾಕು. ಚಿಕ್ಕ ಕೋಣೆಗೆ ವೃತ್ತ ಬೇಡ, ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಈಚೆ ದಡ, ಆಚೆ ಕೆರೆ. ಸಲಕ್ಕೆ ಏಳು ಮಕ್ಕಳು ನೀವು ಕೂಗಿದ ಕಡೆಗೆ ನೆಗೆಯಲಿ, ಉಳಿದವರು ಯಾರು ತಪ್ಪಿದರು ಅಂತ ನೋಡಲಿ. ಔಟ್ ಅಂತ ಕೂರಿಸಿದರೆ ಅಳುತ್ತಾರೆ. ತಪ್ಪಿದವರ ಕೈಲೇ "ಕೆರೆ", "ದಡ" ಕೂಗಿಸಿ. ನಮ್ಮಲ್ಲಿ ಈಗ ಕೂಗುವ ಆಸೆಗೆ ಬೇಕಂತಲೇ ತಪ್ಪುವವರು ಮೂವರಿದ್ದಾರೆ. ಏನ್ ಮಾಡೋದು, ಆಡಲಿ.

ಹಳೆ ಮಿಸ್:
ನೆಗೆದಾಡಿಸಿದರೆ ಅಕ್ಷರ ಬರುತ್ತಾ? ಮೂರು ತಿಂಗಳಾದ ಮೇಲೆ ಪೋಷಕರು ಕೇಳೋದು ನೋಟ್‌ಬುಕ್ಕನ್ನೇ.

ಅಂಗನವಾಡಿ ಅಕ್ಕ:
ಕೆರೆ, ದಡ ಎರಡನ್ನೂ ನೆಲದ ಮೇಲೆ ಬರೆದೇ ಆಡಿಸೋದು ಮಿಸ್. ಅಕ್ಕಿ ಚೆಲ್ಲದೆ.

ಕುಂದಾಪುರದವಳು:
ಎಲ್ಲರಿಗೂ ಚೆನ್ನೆಮಣೆ ಬೇಕಾದರೆ ಮೊಟ್ಟೆಯ ರಟ್ಟಿನ ಟ್ರೇ ತನ್ನಿ. ನಮ್ಮ ಅಂಗಡಿಯಣ್ಣ ಸುಮ್ನೆ ಕೊಡುತ್ತಾರೆ. ಕೊಳಕಿಲ್ಲದ್ದನ್ನು ಆರಿಸಿ ಎರಡು ದಿನ ಬಿಸಿಲಿಗಿಡಿ. 30 ಮೊಟ್ಟೆಯ ಟ್ರೇಯಲ್ಲಿ ಸಾಲಿಗೆ ಆರು, ಐದು ಸಾಲು. ಎರಡೆರಡು ಸಾಲು ಕತ್ತರಿಸಿದರೆ ಎರಡು ಮಣೆ. ಏಳು ಟ್ರೇಗೆ 14 ಮಣೆ, 28 ಮಕ್ಕಳಿಗೆ ಸರಿಹೋಯಿತು. ಮಂಜೊಟ್ಟಿ ಸಿಗದಿದ್ದರೆ ಬಾಟಲಿ ಮುಚ್ಚಳ ಹಾಕಿ, ಮೂಗಿಗೆ ಹೋಗಲ್ಲ. ಗುಳಿಗೆ ಎರಡೆರಡು ಸಾಕು.

ಸಾಗರದ ಟೀಚರ್:
ಸಾಲಿಗೆ ಆರು ಗುಳಿ ಇದ್ದರೆ ಅದು ಅಳಗುಳಿಮಣೆನೇ ಅಲ್ಲ. ಏಳು ಇರಬೇಕು.

ಕುಂದಾಪುರದವಳು:
ಏಳು ಮೊಟ್ಟೆಯ ಟ್ರೇ ನಿಮ್ಮೂರಲ್ಲಿ ಸಿಗುತ್ತಾ? ಸಿಕ್ಕರೆ ಕಳಿಸಿ. ಮತ್ತೆ ನಮ್ಮ ಕಡೆ ಅದರ ಹೆಸರು ಅಳಗುಳಿ ಅಲ್ಲ, ಚೆನ್ನೆಮಣೆ.